ಬಿಸ್ಕತ್ ಡಬ್ಬಿಯ ಮಳೆ

ನಿನ್ನೆ ರಿಹರ್ಸಲ್‌ಗೆ ಹಾರ್ಮೋನಿಯಂ ಬರಲಿಲ್ಲ. ತಬಲಾ ಹುಡುಗನಿಗೂ ಜ್ವರ. ಏಳನೇ ಕ್ಲಾಸಿನ ಮಕ್ಕಳು ನನ್ನ ಮುಖ ನೋಡಿದರು, ನಾನು ಸ್ಟಾಫ್ ರೂಮಿನ ಬಿಸ್ಕತ್ ಡಬ್ಬಿ ನೋಡಿದೆ. ಒಂದು ಹಿಡಿ ಕಡಲೆಕಾಳು ಹಾಕಿ ಅಲ್ಲಾಡಿಸಿದರೆ, ಮಳೆ!

ಇಂಥ ಹೊತ್ತಲ್ಲಿ ನೆನಪಾಗೋರು, ಕೈಗೆ ಸಿಕ್ಕಿದ್ದರಲ್ಲೇ ನಾಟಕಕ್ಕೆ ಸಂಗೀತ ಹುಟ್ಟಿಸುತ್ತಿದ್ದ ರಂಗನಿರ್ದೇಶಕ ಬಿ.ವಿ. ಕಾರಂತರೇ. 1929ರಲ್ಲಿ ಬಂಟ್ವಾಳದ ಹತ್ತಿರ ಮಂಚಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದವರು. ಓದಲಿಕ್ಕೆ ಕಾಶಿಗೆ ಕಳಿಸಿದ್ದೂ ವೀರಣ್ಣನವರೇ. ಆಮೇಲೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ: ಮೊದಲು ವಿದ್ಯಾರ್ಥಿ, 1977ರಲ್ಲಿ ನಿರ್ದೇಶಕ. ಭೋಪಾಲದ ದಿನಗಳು, ಮೈಸೂರಿನ ರಂಗಾಯಣ ಎಲ್ಲ ಹೇಳುತ್ತ ಹೋದರೆ ಬಯೋಡೇಟಾ ಆಗುತ್ತೆ, ಬಿಡಿ. ನಡುವೆ ದಿಲ್ಲಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರಲ್ಲ, ನನಗೆ ಹೊಟ್ಟೆಕಿಚ್ಚು ಆ ಮಕ್ಕಳ ಮೇಲೆ.

ಕಾರಂತರ ನಾಟಕದಲ್ಲಿ ಹಾಡನ್ನು ಮಧ್ಯೆ ತುರುಕಿದ್ದಾರೆ ಅನ್ನಿಸೋದೇ ಇಲ್ಲ. ಮಾತೇ ಬಿಸಿಯೇರಿ ಹಾಡಾಗುತ್ತೆ. ಅದನ್ನು ಕಲಿಸೋದು ಹೇಗೆ ಅಂತ ಹದಿನಾಲ್ಕು ವರ್ಷದಿಂದ ಒದ್ದಾಡ್ತಿದ್ದೀನಿ.

ನಿನ್ನೆ, ಯಾವತ್ತೂ ಬಾಯಿಬಿಡದ ಹಿಂದಿನ ಸಾಲಿನ ಹುಡುಗಿ ಡಬ್ಬಿ ಇಸಕೊಂಡು ಮುಚ್ಚಳವನ್ನು ಉಗುರಿನಿಂದ ಕರಕರ ಗೀರಿದಳು.

“ಕಪ್ಪೆ, ಮಿಸ್. ಮಳೆ ನಿಂತ್ಮೇಲೆ ಬೇಕಲ್ವಾ?”