ಹಾವಿನ ಹಳೇ ಹೆಸರೂ ಬೇಕು ಅಂದ ಲೈಬ್ರರಿ ಮೇಡಂ

ಎಂಡಿ ಓದುವಾಗ ನಮ್ಮ ಗೈಡ್ ಒಂದು ಸಿಸ್ಟಮ್ಯಾಟಿಕ್ ರಿವ್ಯೂ ಮಾಡಲು ಹೇಳಿದರು. ಕೊಳಕುಮಂಡಲ ಕಚ್ಚಿದವರಲ್ಲಿ ಎಷ್ಟು ಜನರ ಕಿಡ್ನಿ ಕೆಡುತ್ತದೆ, ದಕ್ಷಿಣ ಭಾರತದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಬೇಕಿತ್ತು. ಕೈಗೆ ಸಿಕ್ಕ ನಾಲ್ಕು ಪೇಪರ್ ಓದಿ ಬರೆಯುವ ಕೆಲಸ ಅಲ್ಲ ಇದು. "ಮೊದ್ಲು ಲೈಬ್ರರಿ ಮೇಡಂ ಹತ್ರ ಹೋಗಮ್ಮ" ಅಂದರು.

ಮೇಡಂ ಕಂಪ್ಯೂಟರ್ ಮುಟ್ಟಲೇ ಇಲ್ಲ. ಬಿಳಿ ಹಾಳೆಯಲ್ಲಿ ಮೂರು ಕಾಲಂ ಹಾಕಿದರು: ಹಾವು, ಕಿಡ್ನಿ, ಊರು. "ಹಿಂದಿನ ಡಾಕ್ಟರುಗಳು ಇದನ್ನ ಏನಂತ ಬರೀತಿದ್ರು, ಹೇಳಿ."

ಇಂದು ದಬೋಯಾ ರಸೆಲಿ ಅನ್ನುವ ಹಾವು ಹಳೇ ಪೇಪರ್‌ಗಳಲ್ಲಿ ವೈಪೆರಾ ರಸೆಲಿ. ಈಗ ಅಕ್ಯೂಟ್ ಕಿಡ್ನಿ ಇಂಜುರಿ ಅನ್ನುವುದನ್ನು ಆಗ ಅಕ್ಯೂಟ್ ರೀನಲ್ ಫೇಲ್ಯೂರ್ ಅಂತಿದ್ದರು. ಹೊಸ ಹೆಸರಲ್ಲಷ್ಟೇ ಹುಡುಕಿದರೆ ಹಳೇ ಕೆಲಸ ಎಷ್ಟೋ ಕಣ್ಣಿಗೇ ಬೀಳಲ್ಲ. ಒಂದೊಂದು ಕಾಲಂನ ಪದಗಳ ನಡುವೆ 'ಆರ್' (ಯಾವುದಾದರೂ ಒಂದಿದ್ದರೆ ಸಾಕು), ಕಾಲಂಗಳ ನಡುವೆ 'ಆಂಡ್' (ಎಲ್ಲವೂ ಇರಬೇಕು) ಹಾಕಿ ಹುಡುಕುವ ಸಾಲು ಕಟ್ಟಿದರು. ವೈದ್ಯಕೀಯ ಪೇಪರ್‌ ಹುಡುಕುವ ತಾಣ ಪಬ್‌ಮೆಡ್‌ನಲ್ಲಿ ಪೇಪರ್‌ಗಳಿಗೆ ವಿಷಯದ ಚೀಟಿಯಂತೆ ಅಂಟಿಸುವ ಮೆಶ್ ಪದಗಳನ್ನೂ ಸೇರಿಸಿದರು. ಆದರೆ ಅದೊಂದನ್ನೇ ನಂಬಬಾರದಂತೆ. ಮೆಶ್ ಚೀಟಿ ಅಂಟಿಸದ ಪೇಪರ್‌ಗಳೂ ಅಲ್ಲಿ ಇರುತ್ತವೆ.

ಆಮೇಲೆ ಮೂರನೇ ಕಾಲಂ ಅನ್ನೇ ಪೆನ್ನಿನಿಂದ ಹೊಡೆದು ಹಾಕಿದರು! ಯಾಕೆ ಅಂದೆ. "ಕರ್ನಾಟಕ, ತಮಿಳುನಾಡು ಅಂತ ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಎಲ್ಲರೂ ಬರೀತಾರಾ? ಊರನ್ನ ನೀವು ಓದುವಾಗ ನೋಡ್ಕೊಳ್ಳಿ. ಓದೋದು ಜಾಸ್ತಿ ಆದ್ರೂ ಪರವಾಗಿಲ್ಲ, ಬಿಟ್ಟುಹೋಗಬಾರದು."

ನಾಯಿ ಕಡಿತದ ಪೇಪರ್‌ಗಳೂ ಬರುತ್ತಿದ್ದವು. 'ನಾಟ್' ಹಾಕಿ ತೆಗೆಯೋಣ್ವಾ ಅಂತ ಕೇಳಿದೆ. ಬೇಡವೇ ಬೇಡ ಅಂದರು. ಒಂದೇ ಆಸ್ಪತ್ರೆಯವರು ನಾಯಿ, ಹಾವು ಎರಡರ ಲೆಕ್ಕವನ್ನೂ ಒಟ್ಟಿಗೆ ಬರೆದಿದ್ದರೆ ಅದೂ ಹೋಗುತ್ತೆ, ಅಲ್ವಾ?

ಪೇಪರ್ ಹುಡುಕುವ ಬೇರೆ ತಾಣಗಳಾದ ಎಂಬೇಸ್, ಸ್ಕೋಪಸ್‌ಗೆ ಅದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿಕೊಟ್ಟರು. ಅಚ್ಚಾಗದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರ. ಪ್ರತಿ ಸಲ ಹುಡುಕಿದ ತಾರೀಖು, ಪೂರ್ತಿ ಸಾಲು, ಸಿಕ್ಕ ಸಂಖ್ಯೆ ಎಲ್ಲವೂ ಒಂದು ಫೈಲ್‌ಗೆ. ಇಂಥ ರಿವ್ಯೂ ಹೇಗೆ ಬರೆಯಬೇಕು ಅಂತ ಹೇಳುವ ಮಾರ್ಗಸೂಚಿ ಪ್ರಿಸ್ಮಾ 2020 ಕೇಳುವುದೂ ಇದನ್ನೇ. ನಾಳೆ ಬೇರೆಯವರು ಅದೇ ಸಾಲು ಹಾಕಿ ನಮ್ಮ ಕೆಲಸವನ್ನು ಪರೀಕ್ಷೆ ಮಾಡಬಹುದು. ರಿವ್ಯೂ ಮೇಲೆ ನನಗೆ ನಂಬಿಕೆ ಬಂದದ್ದೇ ಆ ಫೈಲ್ ನೋಡಿ.

ಇಷ್ಟು ಮಾಡುವವರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ. ನನಗೆ ಅದು ಸರಿ ಕಾಣಲ್ಲ. ಹುಡುಕಾಟವೇ ರಿವ್ಯೂನ ಬುನಾದಿ. ಅದನ್ನು ಕಟ್ಟಿದವರು ಲೇಖಕರೇ. ಗೈಡ್‌ಗೆ ಹಾಗೇ ಹೇಳಿದೆ. ಅವರು ಒಪ್ಪಿದರು, ಮೇಡಂ ಹೆಸರು ಮೂರನೆಯದಾಗಿ ಬಂತು.

ಪೇಪರ್ ಕಳಿಸುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು. ಮೇಡಂ ತಾವಾಗಿಯೇ ಮತ್ತೊಮ್ಮೆ ಹುಡುಕಿದರು. ನಮಗೆ ಬೇಕಾದ ಹೊಸ ಅಧ್ಯಯನ ಒಂದು ಸಿಕ್ಕಿತು. ಟೇಬಲ್ ತೆರೆದು ಅದನ್ನೂ ಸೇರಿಸಿದೆವು.