ರುಚಿಗೆ ಎಷ್ಟು ಕೊಡೋದು?

ಹಾಲಿನ ಲೆಕ್ಕ ಬರೆದಿಡುವ ನನ್ನ ಪುಟ್ಟ ಆ್ಯಪ್ ಸಿದ್ಧವಾಗಿ ತಿಂಗಳಾಯಿತು. ಇನ್ನೂ ಬಿಟ್ಟಿಲ್ಲ. ಉಚಿತವಾಗಿ ಎಷ್ಟು ಕೊಡಬೇಕು ಅನ್ನೋದೇ ಗೊಂದಲ.

ಮೊದಲು ಪೂರ್ತಿ ಉಚಿತ, ಜನ ಬಂದ ಮೇಲೆ ಬೆಲೆ ಹಾಕೋಣ ಅಂದುಕೊಂಡಿದ್ದೆ. ಆಮೇಲೆ ಪ್ಲೇ ಸ್ಟೋರಿನ ನಿಯಮ ಓದಿದೆ. ಒಮ್ಮೆ ಉಚಿತ ಅಂತ ಬಿಟ್ಟ ಆ್ಯಪ್‌ಗೆ ಮತ್ತೆ ಬೆಲೆ ಹಾಕುವಂತಿಲ್ಲ. ಬೇಕಿದ್ದರೆ ಹೊಸ ಪ್ಯಾಕೇಜ್ ಹೆಸರಲ್ಲಿ (ಸ್ಟೋರ್ ಆ್ಯಪನ್ನು ಗುರುತಿಸುವ ಹೆಸರು ಅದು) ಹೊಸದಾಗಿಯೇ ಹಾಕಬೇಕು. ಆ್ಯಪ್ ಒಳಗೆ ಏನಾದರೂ ಮಾರಬಹುದು, ಅಷ್ಟೇ. ಉಚಿತಕ್ಕೆ ಲೈಟ್, ದುಡ್ಡಿಗೆ ಪ್ರೊ ಅಂತ ಎರಡು ಆ್ಯಪ್ ಮಾಡಿದರೆ ರೇಟಿಂಗೂ ಎರಡು ಪಾಲು, ಒಂದರಿಂದ ಇನ್ನೊಂದಕ್ಕೆ ಲೆಕ್ಕ ಸಾಗಿಸುವ ತಲೆನೋವು ಬೇರೆ. ಜಾಹೀರಾತಂತೂ ಬೇಡ. ಬೆಳಿಗ್ಗೆ ಐದೂವರೆಗೆ ‘ಅರ್ಧ ಲೀಟರ್’ ಒತ್ತುವಾಗ ‘ಸಾಲ ಬೇಕಾ?’ ಅಂತ ಬಂದರೆ ಯಾರಿಗೆ ಸಿಟ್ಟು ಬರಲ್ಲ?

ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ನಾಲ್ಕು ಕಾಯಿ ಕೈಗೆ ಹಾಕಿ ‘ತಿಂದು ನೋಡಿ’ ಅಂತಾರೆ, ಅಲ್ವಾ? ಹೊಟ್ಟೆ ತುಂಬುವಷ್ಟಲ್ಲ, ಆದರೆ ರುಚಿ ಗೊತ್ತಾಗುವಷ್ಟು. ಸದ್ಯಕ್ಕೆ ನನ್ನದೂ ಹಾಗೇ: ಒಂದು ಮನೆಯ ಲೆಕ್ಕ ಯಾವಾಗಲೂ ಉಚಿತ. ಹತ್ತಾರು ಮನೆಗೆ ಹಾಲು ಹಾಕುವವರಿಗೆ ಮಾತ್ರ ದುಡ್ಡು.

ನಮ್ಮ ಬೀದಿಗೆ ಹಾಲು ಹಾಕುವ ಅಣ್ಣನಿಗೆ ತೋರಿಸಿದೆ. “ದುಡ್ಡಾ? ನನ್ ನೋಟ್‌ಬುಕ್ಕೇ ಸಾಕು ಬಿಡಿ ಸಾರ್” ಅಂದರು.