ಬಹ್ಮ್ನಿ ಪ್ರಾಜೆಕ್ಟ್: ಕೌಂಟರ್ ನಡೀತಿದೆ, ಔಷಧದ ಕಿಟಕಿ ಬಾಕಿ

ಟ್ರಸ್ಟ್ ನಡೆಸುವ ಒಂದು ಚಿಕ್ಕ ಆಸ್ಪತ್ರೆಗೆ ಬಿಡುವಿನ ದಿನಗಳಲ್ಲಿ ಬಹ್ಮ್ನಿ ಹಾಕಿಕೊಡುತ್ತಿದ್ದೇನೆ. (ಬೀದರಿನ ಬಹಮನಿಗೂ ಇದಕ್ಕೂ ಸಂಬಂಧ ಇಲ್ಲ.) ಇದು ಆಸ್ಪತ್ರೆಯ ದಾಖಲೆ, ಲೆಕ್ಕ ಎಲ್ಲ ನೋಡಿಕೊಳ್ಳುವ ಉಚಿತ ಸಾಫ್ಟ್‌ವೇರ್. ಛತ್ತೀಸ್‌ಗಢದ ಗನಿಯಾರಿಯಲ್ಲಿರುವ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಗಾಗಿ ಮೊದಲು ಕಟ್ಟಿದ್ದು. ಒಳಗೆ ಬೇರೆ ಬೇರೆ ಸಾಫ್ಟ್‌ವೇರ್‌ಗಳನ್ನು ಜೋಡಿಸಿದ್ದಾರೆ: ರೋಗಿಗಳ ದಾಖಲೆಗೆ ಓಪನ್‌ಎಂಆರ್‌ಎಸ್, ಲ್ಯಾಬ್‌ಗೆ ಓಪನ್‌ಎಲಿಸ್, ಬಿಲ್ಲು ಮತ್ತು ಸ್ಟಾಕಿಗೆ ಓಡೂ.

ರೋಗಿಗಳ ಹೆಸರು ಬರೆಸುವ ಕೌಂಟರ್ ಈಗ ಸರಾಗ. ಹೆಸರಿನಿಂದ ಹುಡುಕಿದರೆ ಒಂದೇ ಊರಿನ ಲಕ್ಷ್ಮಮ್ಮಂದಿರು ಸಾಲಾಗಿ ಬರುತ್ತಾರೆ. ಫೋನ್ ನಂಬರ್ ಹಾಕಿದರೆ ಮನೆಮಂದಿಯೆಲ್ಲ ಬರುತ್ತಾರೆ! ಅದಕ್ಕೇ ಪಟ್ಟಿಯಲ್ಲಿ ಊರು, ತಂದೆ ಅಥವಾ ಗಂಡನ ಹೆಸರು ಒಟ್ಟಿಗೆ ಕಾಣುವ ಹಾಗೆ ಮಾಡಿದೆ. ಡಾಕ್ಟರ್ ಟೈಪ್ ಮಾಡುವ ಪರದೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಹೊರಗೆ ಅಷ್ಟು ಜನ ಕಾಯುವಾಗ ಚೀಟಿಯೇ ವಾಸಿ.

ಕೆಲಸ ನಿಂತಿರುವುದು ಔಷಧ ಕೊಡುವ ಕಡೆ. ಓಡೂ ಸಿದ್ಧವಾಗಿದೆ, ಆದರೆ ಅಲ್ಲಿನ ಅಕ್ಕ ಅದನ್ನು ಮುಟ್ಟುತ್ತಿಲ್ಲ. "ಕಂಪ್ಯೂಟರಲ್ಲೂ ಹಾಕಿ, ಸ್ಟಾಕ್ ಬುಕ್ಕಲ್ಲೂ ಬರೀಬೇಕು. ಲೆಕ್ಕ ತಾಳೆ ಆಗಲಿಲ್ಲ ಅಂದ್ರೆ ಕೇಳೋದು ನನ್ನನ್ನೇ ಅಲ್ವಾ ಸರ್?" ಅಂದರು. ಆಡಿಟರ್ ನೋಡುವುದು ಪುಸ್ತಕವನ್ನು ಮಾತ್ರ. ಪುಸ್ತಕ ಬಿಡಬಹುದು ಅಂತ ಯಾರೂ ಬರೆದುಕೊಟ್ಟಿಲ್ಲ. ಇಂಥದ್ದನ್ನು ವರದಿಗಳಲ್ಲಿ 'ಸಿಬ್ಬಂದಿಯ ವಿರೋಧ' ಅಂತ ಬರೆದು ಮುಗಿಸುತ್ತಾರೆ. ನನಗಂತೂ ಅಕ್ಕನ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಸರ್ಕಾರಿ ಪಿಎಚ್‌ಸಿಗಳಲ್ಲೂ ಇದೇ ಗೋಳು. ಆರೋಗ್ಯ ಕೇಂದ್ರಗಳ ಅಂಕಿಅಂಶ ತುಂಬುವ ಎಚ್‌ಎಂಐಎಸ್ ಪೋರ್ಟಲ್ 2008ರಿಂದ ಇದೆ. ತಾಯಿ-ಮಗುವಿನ ಲೆಕ್ಕಕ್ಕೆ ಆರ್‌ಸಿಎಚ್, ಬಿಪಿ-ಶುಗರ್‌ಗೆ ಎನ್‌ಸಿಡಿ ಅಂತ ಬೇರೆ ಪೋರ್ಟಲ್‌ಗಳು. ಮೇಲಿಂದ ರಿಜಿಸ್ಟರ್‌ಗಳು. ಒಂದೇ ಮಾಹಿತಿಯನ್ನು ಸಿಸ್ಟರ್ ಎಷ್ಟು ಕಡೆ ಬರೆಯಬೇಕು? ವರ್ಣಭೇದ ನೀತಿ ಮುಗಿದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಡಿಎಚ್‌ಐಎಸ್ ಎಂಬ ಆರೋಗ್ಯ ಅಂಕಿಅಂಶಗಳ ಸಾಫ್ಟ್‌ವೇರ್ ಕಟ್ಟಿದವರು, ನಿಜವಾಗಿ ಬೇಕಾದ ಅಂಕಿಗಳ ಚಿಕ್ಕ ಪಟ್ಟಿಗೆ ಎಲ್ಲರನ್ನೂ ಒಪ್ಪಿಸುವುದಕ್ಕೂ ಬೆವರು ಸುರಿಸಿದ್ದರು. ಆ ಕೆಲಸ ನಮ್ಮಲ್ಲಿ ಯಾರ ಪಾಲಿಗೂ ಬಂದಿಲ್ಲ.

ಹಾಗಾಗಿ ಈ ಸಲ ಕೋಡ್‌ಗಿಂತ ಜಾಸ್ತಿ ಹೊತ್ತು ಹೋಗಿದ್ದು ಸ್ಟಾಕ್ ಬುಕ್ಕಿನ ಮುಂದೆ. ಅದರ ಕಾಲಂಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಪ್ರಿಂಟ್ ಬರುವಂತೆ ಮಾಡಿದೆ. ಆಡಳಿತಾಧಿಕಾರಿ ಅದನ್ನು ಆಡಿಟರ್‌ಗೆ ತೋರಿಸಿದರು. ಅವರು ಪೂರ್ತಿ ಬೇಡ ಅನ್ನಲಿಲ್ಲ. ಪುಟಗಳಿಗೆ ಕ್ರಮಸಂಖ್ಯೆ ಇರಬೇಕು, ಪ್ರತಿ ಪುಟದ ಕೊನೆಗೆ ಉಳಿಕೆ ಕಾಣಬೇಕು, ತಿದ್ದಿದ್ದು ಅಳಿಸಿಹೋಗಬಾರದು ಅಂದರು. ಕೊನೆಯದು ನ್ಯಾಯವಾದ ಮಾತು. ಪುಸ್ತಕದಲ್ಲಿ ಹೊಡೆದುಹಾಕಿದ ಸಾಲು ಓದಲು ಸಿಗುತ್ತದಲ್ಲ? ಈಗ ತಿದ್ದುಪಡಿ ಬೇರೆ ಸಾಲಾಗಿ, ಮಾಡಿದವರ ಹೆಸರಿನ ಜೊತೆ ಬರುತ್ತದೆ.

ಇನ್ನೊಂದು ತೊಡಕು: ಬ್ಯಾಕಪ್ ಯಾರ ಕೆಲಸ ಅನ್ನುವುದು ಡ್ಯೂಟಿ ಪಟ್ಟಿಯಲ್ಲೇ ಇಲ್ಲ. ನಾನಂತೂ ರಾತ್ರಿ ಹೋಗಿ ಡಿಸ್ಕ್ ಬದಲಿಸಲಾರೆ. ಪುಸ್ತಕದ ಬದಲು ಪ್ರಿಂಟ್, ಬ್ಯಾಕಪ್‌ನ ಹೊಣೆ, ಎರಡಕ್ಕೂ ಸೇರಿಸಿ ಆಸ್ಪತ್ರೆಯ ಕಮಿಟಿಗೆ ಪತ್ರ ಕೊಟ್ಟಿದ್ದೇವೆ. ಒಪ್ಪಿಗೆ ಸಿಕ್ಕರೆ ಮೊದಲು ಬಿಪಿ, ಶುಗರ್ ಮಾತ್ರೆಗಳನ್ನಷ್ಟೇ ಓಡೂಗೆ ಹಾಕುತ್ತೇವೆ. ಪ್ರತಿ ತಿಂಗಳೂ ಅವನ್ನೇ ಒಯ್ಯುವವರು ಜಾಸ್ತಿ, ಲೆಕ್ಕ ತಾಳೆ ನೋಡಲು ಸುಲಭ.